ಉಮ್ಮರಬ್ಬಾಕ ತೋರಿಸಿದ ಒಮಾನ್

ಊರಿನಿಂದ ಅಪ್ಪನೋ ಅಮ್ಮನೋ ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಬಂದರೆ ನಾವು ಕರಾವಳಿಯವರು ಅವರಿಗೆ ಮೂರು ಜಾಗ ತೋರಿಸದೆ ವಾಪಸು ಕಳಿಸುವುದಿಲ್ಲ. ಮೊದಲು ದೊಡ್ಡ ಮಸೀದಿ, ಆಮೇಲೆ ದುಬೈಯ ಆ ಎತ್ತರದ ಕಟ್ಟಡ, ಕೊನೆಗೆ ಅಲ್ ಐನ್‌ನ ಜಬಲ್ ಹಫೀತ್ ಬೆಟ್ಟ. ಮಸೀದಿಗೂ ದುಬೈಗೂ ಯಾರು ಬೇಕಾದರೂ ಕರೆದುಕೊಂಡು ಹೋಗಬಹುದು. ಬೆಟ್ಟಕ್ಕೆ ಮಾತ್ರ ಉಮ್ಮರಬ್ಬಾಕನೇ ಆಗಬೇಕು. ಹಾಗೆಂದು ಯಾರೂ ಕಾನೂನು ಮಾಡಿದ್ದಲ್ಲ, ನಮ್ಮ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ನಡೆದುಕೊಂಡು ಬಂದದ್ದೇ ಹಾಗೆ.

ಹೆಸರು ಉಮ್ಮರಬ್ಬ. ಬ್ಯಾರಿ ಮುಸ್ಲಿಮರಲ್ಲಿ ಹಿರಿಯರನ್ನು ಹೀಗೆ ‘ಆಕ’ ಸೇರಿಸಿ ಕರೆಯುವುದು ರೂಢಿ, ಕ್ರಿಶ್ಚಿಯನ್ ಆದ ನಾನೂ ಹಾಗೆಯೇ ಕರೆಯುತ್ತೇನೆ. ಫರಂಗಿಪೇಟೆಯವರು. ಗಲ್ಫಿಗೆ ಬರುವ ಮೊದಲು ಮಂಗಳೂರು–ಬಿ.ಸಿ. ರೋಡ್ ಬಸ್ಸಿನ ಡ್ರೈವರ್. ಇಲ್ಲಿ ಮುಸಫ್ಫಾದ ನಮ್ಮ ಫ್ಯಾಬ್ರಿಕೇಶನ್ ಕಂಪನಿಯ ಕಾರ್ಮಿಕರ ಬಸ್ಸಿಗೆ ಡ್ರೈವರಾಗಿ ಸೇರಿದವರು ಮತ್ತೆ ಬೇರೆ ಕೆಲಸ ನೋಡಲೇ ಇಲ್ಲ. ಬೆಳಿಗ್ಗೆ ಐದಕ್ಕೆ ಕ್ಯಾಂಪಿನಿಂದ ಇಪ್ಪತ್ತಾರು ಜನರನ್ನು ಹತ್ತಿಸಿಕೊಂಡು ಒಂದೂಕಾಲು ಗಂಟೆ ದೂರದ ಸೈಟಿಗೆ ಬಿಡುವುದು, ಸಂಜೆ ವಾಪಸು ತರುವುದು. ಮಳೆ ಬಂದು ರಸ್ತೆ ಮುಳುಗಿದ ವರ್ಷದಲ್ಲೂ ಅವರ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ. ಬರುವ ಮಾರ್ಚ್ ಒಂದಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ ಎಂದು ಅವರು ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಅಪಘಾತವಿಲ್ಲದೆ ಇಪ್ಪತ್ತೈದು ಮುಗಿಸಿದ ಡ್ರೈವರನ್ನು ನಮ್ಮ ಕಂಪನಿಯಲ್ಲಿ ವೇದಿಕೆಗೆ ಕರೆದು ಎಲ್ಲರೆದುರು ಸರ್ಟಿಫಿಕೇಟ್ ಕೊಟ್ಟು ಮಾಲೀಕರೇ ಕೈಕುಲುಕುತ್ತಾರೆ ಎಂಬ ಮಾತಿತ್ತು. ಈವರೆಗೆ ಆ ಭಾಗ್ಯ ಯಾರಿಗೂ ಬಂದಿರಲಿಲ್ಲ.

ನಾನು ಎವ್ಲಿನ್, ಅದೇ ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವಳು. ವೀಸಾ, ಲೈಸೆನ್ಸ್, ವಿಮೆ, ಎಲ್ಲದರ ತಾರೀಕು ನನ್ನ ಹತ್ತಿರ. ಯಾರದ್ದಾದರೂ ಒಂದು ದಿನ ತಡವಾದರೆ ಬೈಗುಳ ತಿನ್ನುವವಳು ನಾನು, ಆದ್ದರಿಂದ ಬೈಯುವವಳೂ ನಾನೇ. ನನ್ನ ನಾಲಿಗೆಯ ಬಗ್ಗೆ ಆಫೀಸಿನಲ್ಲಿ ಏನು ಮಾತಾಡುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆಡಲಿ, ಕೆಲಸ ಆಗುತ್ತದಲ್ಲ.

ಆ ಜನವರಿಯಲ್ಲಿ ನನ್ನ ಪಟ್ಟಿಯಲ್ಲಿ ಕೆಂಪು ಗೆರೆ ಬಿದ್ದಿದ್ದು ಉಮ್ಮರಬ್ಬಾಕನ ಹೆಸರಿಗೆ. ಫೆಬ್ರವರಿ ಇಪ್ಪತ್ತಕ್ಕೆ ಅವರ ಲೈಸೆನ್ಸ್ ಮುಗಿಯುವುದಿತ್ತು. ನವೀಕರಣಕ್ಕೆ ಮೊದಲು ಕನ್ನಡಕದ ಅಂಗಡಿಗೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಬೇಕು, ಹತ್ತು ನಿಮಿಷದ ಕೆಲಸ. ಲೈಸೆನ್ಸ್ ಇಲ್ಲದ ಡ್ರೈವರನಿಗೆ ಇಲ್ಲಿ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಖಲಾಸ್, ಪೆಟ್ಟಿಗೆ ಕಟ್ಟಬೇಕು. ಮೂರು ಸಲ ಮೆಸೇಜ್ ಹಾಕಿದೆ. ಮೂರು ಸಲವೂ ಈ ವಾರ ಆಗಲಿಕ್ಕಿಲ್ಲ ಮೇಡಂ ಎಂಬ ಉತ್ತರ. ನಾಲ್ಕನೇ ಸಲ ನೇರ ಬಸ್ಸಿನ ಬಳಿ ಹೋಗಿ, ಇಪ್ಪತ್ತೈದು ವರ್ಷದ ಸರ್ಟಿಫಿಕೇಟ್ ಬೇಕು, ಹತ್ತು ನಿಮಿಷದ ಪರೀಕ್ಷೆಗೆ ಮೈಗಳ್ಳತನವಾ ಎಂದು ಕೇಳಿದೆ. ಅವರು ನಕ್ಕು, ನಿಮ್ಮ ಅತ್ತೆಯವರನ್ನು ಒಮ್ಮೆ ಬೆಟ್ಟ ಹತ್ತಿಸಿ ಬರ್ತೇನೆ, ಆಮೇಲೆ ಖಂಡಿತ ಹೋಗ್ತೇನೆ ಎಂದರು.

ನನ್ನ ಅತ್ತೆ ಮಗ್ದಲೀನ್ ಬಾಯಿ ಶಿರ್ವದಿಂದ ಬಂದು ಮೂರು ವಾರವಾಗಿತ್ತು. ಎಪ್ಪತ್ತಾರು ವರ್ಷ. ನಾನು ಅವರನ್ನು ಮಾಂಯ್ ಎನ್ನುತ್ತೇನೆ. ಮಸೀದಿಯೂ ಆಗಿತ್ತು, ದುಬೈಯೂ ಆಗಿತ್ತು. ದುಬೈಯಲ್ಲಿ ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಉಳುಕಿತು ಎಂದು ಎರಡು ದಿನ ಮುಲಾಮು ಹಚ್ಚಿಸಿಕೊಂಡಿದ್ದರು. ಉಳಿದದ್ದು ಬೆಟ್ಟ. ನನ್ನ ಗಂಡ ಲಿಯೊನೆಲ್ ಹೋಟೆಲಿನಲ್ಲಿ ಬ್ಯಾಂಕ್ವೆಟ್ ನೋಡಿಕೊಳ್ಳುವವರು, ಭಾನುವಾರ ಅವರಿಗೆ ರಜೆಯೆಂಬುದೇ ಇಲ್ಲ. ನನಗೆ ಲೈಸೆನ್ಸ್ ಇದೆ, ಆರನೇ ಸಲಕ್ಕೆ ಪಾಸಾದದ್ದು. ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಮನೆಯಿಂದ ಮುಸಫ್ಫಾಕ್ಕೆ, ಮುಸಫ್ಫಾದಿಂದ ಮನೆಗೆ, ಅಷ್ಟೇ ನನ್ನ ದಾರಿ. ಅರವತ್ತು ತಿರುವಿನ ಬೆಟ್ಟಕ್ಕೆ ನಾನು ಕೈ ಹಾಕುವವಳಲ್ಲ.

ಉಮ್ಮರಬ್ಬಾಕ ಹೀಗೆ ಬರುವಾಗ ಕಾರು ಕರೆದವರದ್ದೇ. ಅವರಿಗೆ ದುಡ್ಡು ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಬೇಕಾದದ್ದು ಒಂದೇ, ಬೆಟ್ಟದ ಮೇಲೆ ಕುಳಿತು ಮನೆಯ ಅಡುಗೆ ಉಣ್ಣಬೇಕು. ಅದಕ್ಕಾಗಿ ಶನಿವಾರ ನಾನು ಅಲ್ ಮೀನಾದ ಮೀನು ಮಾರುಕಟ್ಟೆಗೆ ಹೋಗಿ ಬಂಗುಡೆ ತಂದಿದ್ದೆ. ಮಾಂಯ್ ಭಾನುವಾರ ನಸುಕಿಗೇ ಎದ್ದು ಪುಳಿಮುಂಚಿ ಮಾಡಿ, ನೀರುದೋಸೆ ಹುಯ್ದು ಡಬ್ಬಿಗೆ ತುಂಬಿದರು. ಏಳು ಗಂಟೆಗೆ ಉಮ್ಮರಬ್ಬಾಕ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ನನ್ನ ಮಗಳು ಶಾರನ್ ಕಿವಿಗೆ ಏನೋ ಸಿಕ್ಕಿಸಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. ಹದಿನಾರು ವರ್ಷದವಳಿಗೆ ಭಾನುವಾರ ಬೆಳಿಗ್ಗೆ ಎಬ್ಬಿಸಿದ್ದೇ ನಮ್ಮ ದೊಡ್ಡ ಅಪರಾಧ.

ಅಲ್ ಐನ್ ರಸ್ತೆಯಲ್ಲಿ ಅವರು ಒಂದು ಲಾರಿಯ ಹಿಂದೆ ಒಂದೇ ವೇಗದಲ್ಲಿ ಹೋಗುತ್ತಿದ್ದರು. ಉಳಿದ ಕಾರುಗಳೆಲ್ಲ ನಮ್ಮನ್ನು ದಾಟಿ ಹೋದವು. ಮುಂದೆ ಹೋಗಿ ಅಂಕಲ್ ಎಂದು ಶಾರನ್ ಇಂಗ್ಲಿಷಿನಲ್ಲಿ ಗೊಣಗಿದಳು. ನಾನು ಅವಳನ್ನೇ ಗದರಿಸಿದೆ, ಕಲಿ, ಹೀಗೆ ಓಡಿಸುವವರಿಗೇ ಇಪ್ಪತ್ತೈದು ವರ್ಷ ಒಂದು ಗೀರೂ ಬೀಳುವುದಿಲ್ಲ ಎಂದೆ. ಅವರು ಮಾಂಯ್‌ಗೆ ಊರಿನ ಸುದ್ದಿ ಹೇಳುತ್ತಿದ್ದರು. ಹೆಂಡತಿ ರುಖಿಯಾ ಹಟ್ಟಿಯಲ್ಲಿ ಎರಡು ಎಮ್ಮೆ ಕಟ್ಟಿದ್ದಾಳೆ, ಮಗಳು ನಾಝಿಯಾಳ ನಿಕಾಹ್ ಮುಗಿದು ನಾಲ್ಕು ವರ್ಷವಾಯಿತು, ಮೊಮ್ಮಗನನ್ನು ಫೋನಿನಲ್ಲಿ ಮಾತ್ರ ನೋಡಿದ್ದು.

ಬೆಟ್ಟದ ಬುಡದ ಮರುಭೂಮಿಯನ್ನು ಈಗ ರಾಷ್ಟ್ರೀಯ ಉದ್ಯಾನ ಮಾಡಿದ್ದಾರೆ, ಐದು ಸಾವಿರ ವರ್ಷ ಹಳೆಯ ಕಲ್ಲಿನ ಗೋರಿಗಳಿವೆ. ಗೋರಿ ನೋಡಲು ಇಷ್ಟು ದೂರ ಬರಬೇಕಾ ಎಂದರು ಮಾಂಯ್, ಆದ್ದರಿಂದ ನೇರ ಹತ್ತಿದೆವು. ಬುಡದಲ್ಲಿ ತೆಳುವಾಗಿ ಮಂಜಿತ್ತು, ನಾಲ್ಕು ತಿರುವು ಏರುವಷ್ಟರಲ್ಲಿ ಬಿಸಿಲಿಗೆ ಬಂದೆವು. ಒಂದು ಮರವಿಲ್ಲ, ಹುಲ್ಲಿಲ್ಲ, ಬೂದು ಬಣ್ಣದ ಬೋಳು ಕಲ್ಲು. ಅದರ ನಡುವೆ ಬೆಣ್ಣೆ ಸವರಿದ ಹಾಗೆ ನುಣ್ಣನೆಯ ರಸ್ತೆ. ಮಾಂಯ್ ಜಪಮಾಲೆ ಹಿಡಿದು ಕಣ್ಣು ಮುಚ್ಚಿಕೊಂಡರು. ಉಮ್ಮರಬ್ಬಾಕ ಒಂದು ತಿರುವಿನಲ್ಲೂ ಬ್ರೇಕನ್ನು ಗಟ್ಟಿಯಾಗಿ ಒತ್ತಲಿಲ್ಲ. ಸತ್ಯ ಹೇಳಬೇಕು, ನಾನು ಅಷ್ಟು ಹಿತವಾಗಿ ಯಾವ ಬೆಟ್ಟವನ್ನೂ ಹತ್ತಿಲ್ಲ.

ಮೇಲೆ ದೊಡ್ಡದೊಂದು ಕಾರ್ ಪಾರ್ಕಿಂಗ್, ಒಂದು ಸಣ್ಣ ಹೋಟೆಲು, ಅಂಚಿನಲ್ಲಿ ಕಬ್ಬಿಣದ ಕಟಕಟೆ. ಇಲ್ಲಿ ಉಮ್ಮರಬ್ಬಾಕನದ್ದೊಂದು ಕ್ರಮ. ಬಂದವರನ್ನು ಕಟಕಟೆಯ ಬಳಿ ಸಾಲಾಗಿ ನಿಲ್ಲಿಸಿ, ಎಡದಿಂದ ಬಲಕ್ಕೆ ಕೈ ತೋರಿಸುತ್ತ ಕೆಳಗಿನ ಒಂದೊಂದೇ ಜಾಗದ ಹೆಸರು ಹೇಳುವುದು. ಅವರ ಬಾಯಿಂದ ಕೇಳಿದ ಮೇಲೆಯೇ ಊರಿನ ಅಪ್ಪ ಅಮ್ಮಂದಿರಿಗೆ ಬೆಟ್ಟ ನೋಡಿದ ಹಾಗೆ ಆಗುವುದು. ನಮ್ಮ ಆಫೀಸಿನ ಡೆಲ್ಫಿನಳ ಅಪ್ಪ ಅದನ್ನು ಪೂರಾ ಬಾಯಿಪಾಠ ಮಾಡಿಕೊಂಡು ಹೋಗಿ ಕಾರ್ಕಳದಲ್ಲಿ ಇವತ್ತಿಗೂ ಹೇಳುತ್ತಾರಂತೆ.

ನಾನು ಮಾಂಯ್‌ಗೆ ಶಾಲು ಹೊದಿಸಿ ಕೈ ಹಿಡಿದು ಇಳಿಸುವಷ್ಟರಲ್ಲಿ ಉಮ್ಮರಬ್ಬಾಕ ಮುಂದೆ ಹೋಗಿ ಕಟಕಟೆ ಹಿಡಿದು ನಿಂತಾಗಿತ್ತು. ನಾವು ಸೇರಿದ್ದೇ ತಡ, ಶುರು ಮಾಡಿದರು.

“ಅಗೋ ನೋಡಿ ಬಾಯಮ್ಮ, ಎಡಗಡೆಯಲ್ಲಿ ಗೆರೆ ಹಾಗೆ ಕಾಣ್ತದಲ್ಲ, ಅದು ಬೇಲಿ. ಬೇಲಿಯಿಂದ ಆಚೆ ಒಮಾನ್. ಇವತ್ತು ಒಳ್ಳೆ ಕ್ಲಿಯರ್ ಉಂಟು, ನಿಮ್ಮ ಅದೃಷ್ಟ. ಈಚೆಗೆ ಹಸಿರು ಕಾಣುವುದು ಮುಬಝ್ಝರ, ಬಿಸಿನೀರಿನ ಊಟೆ. ಅಲ್ಲಿ ಹೊಗೆ ಏಳ್ತದಲ್ಲ, ಸಿಮೆಂಟ್ ಫ್ಯಾಕ್ಟರಿ.”

ಕೆಳಗೆ ಏನೂ ಇರಲಿಲ್ಲ. ನಮಗೆ ಮೇಲೆ ಬಿಸಿಲು ಹೊಳೆಯುತ್ತಿತ್ತು, ಆದರೆ ಅಲ್ ಐನ್ ಇಡೀ ಊರು, ಒಮಾನ್ ಕಡೆಯ ಬಯಲು, ಎಲ್ಲ ಮಂಜಿನ ಅಡಿಯಲ್ಲಿ. ಹಾಲು ಚೆಲ್ಲಿದ ಹಾಗೆ ಬಿಳಿ, ಅದು ಬಿಟ್ಟರೆ ಒಂದು ಕಂಬ ಸಹ ಕಾಣುತ್ತಿರಲಿಲ್ಲ. ಆ ಬಿಳಿಗೇ ಬೆರಳು ಚಾಚಿ ಉಮ್ಮರಬ್ಬಾಕ ಒಂದೊಂದು ಹೆಸರು ಹೇಳುತ್ತಿದ್ದರು. ಶಾರನ್ ಕಿಸಕ್ಕನೆ ನಕ್ಕು, “ಅಂಕಲ್ ಈಸ್ ಸೋ ಫನ್ನಿ” ಎಂದು ಫೋನು ತೆಗೆದು ವಿಡಿಯೋ ಮಾಡತೊಡಗಿದಳು. ನಾನೂ ನಕ್ಕೆ. ತಮಾಷೆಯ ಮನುಷ್ಯ, ಮಂಜು ಬಿದ್ದದ್ದಕ್ಕೆ ಬೇಜಾರಾಗಬಾರದೆಂದು ಹೀಗೆ ಮಾಡುತ್ತಾರೆ ಎಂದುಕೊಂಡೆ. ಅವರೂ ನಕ್ಕರು, ನಾವು ಯಾಕೆ ನಕ್ಕೆವೆಂದು ಗೊತ್ತಿಲ್ಲದವರ ನಗು ಅದು ಎಂದು ನನಗೆ ಆಮೇಲೆ ಹೊಳೆಯಿತು.

ಮಾಂಯ್ ಮಾತ್ರ ನಗಲಿಲ್ಲ. ಬನ್ನಿ, ದೋಸೆ ತಣ್ಣಗಾಗುತ್ತದೆ ಎಂದು ಎಲ್ಲರನ್ನೂ ಬೆಂಚಿಗೆ ಕರೆದರು. ಉಮ್ಮರಬ್ಬಾಕನಿಗೆ ಮೊದಲು ಬಡಿಸಿ, ಎದುರಿಗೆ ಕುಳಿತು ಅವರು ಉಣ್ಣುವುದನ್ನೇ ನೋಡುತ್ತಿದ್ದರು. ಅವರು ಮೀನಿನ ಮುಳ್ಳನ್ನು ಬೆರಳಿನಿಂದ ತಡವಿ ತಡವಿ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮಾಂಯ್, ಮಳೆಯ ವಿಷಯ ಕೇಳುವಷ್ಟು ಸಹಜವಾಗಿ ಕೇಳಿದರು.

“ಕತ್ತಲಾದ ಮೇಲೆ ದೀಪ ನೋಡಿದ್ರೆ ಸುತ್ತ ಬಳೆ ಹಾಗೆ ಕಾಣ್ತದಾ ಬ್ಯಾರಿಗಳೇ?”

“ಹೌದು ಬಾಯಮ್ಮ, ಈಗ ಒಂದು ವರ್ಷದಿಂದ. ನಿಮಗೆ ಹೇಗೆ ಗೊತ್ತು?”

ಹೇಳಿಬಿಟ್ಟ ಮೇಲೆ ಅವರ ಕೈ ತಟ್ಟೆಯಲ್ಲೇ ನಿಂತಿತು. ಮಾಂಯ್ ನನ್ನ ಕಡೆ ತಿರುಗಿ ಕೊಂಕಣಿಯಲ್ಲಿ, ಇವನಿಗೆ ಎರಡು ಕಣ್ಣಿಗೂ ಪೊರೆ ಬಂದಿದೆ ಮಗಾ, ಮಂಜು ಬಿದ್ದದ್ದೇ ಇವನಿಗೆ ಗೊತ್ತಾಗಲಿಲ್ಲ, ಇವನಿಗೆ ದಿನವೂ ಹೀಗೆಯೇ ಕಾಣುವುದು ಎಂದರು. ಆಮೇಲೆ ಉಮ್ಮರಬ್ಬಾಕನಿಗೂ ಅರ್ಥವಾಗುವ ಹಾಗೆ ಕನ್ನಡದಲ್ಲಿ ತಮ್ಮ ಕತೆ ಹೇಳಿದರು. ಎರಡು ವರ್ಷ ಅವರೂ ಪೊರೆಯನ್ನು ಮಕ್ಕಳಿಂದ ಮುಚ್ಚಿಟ್ಟಿದ್ದರಂತೆ. ನಮ್ಮ ನಾಯಿಯೆಂದು ತಿಳಿದು ಪಕ್ಕದ ಮನೆಯ ನಾಯಿಗೆ ತಿಂಗಳುಗಟ್ಟಲೆ ಅನ್ನ ಹಾಕಿದ್ದರಂತೆ.

ಯಾರೂ ನಗಲಿಲ್ಲ. ಈ ಮನುಷ್ಯ ಈಗ ತಾನೇ ನನ್ನ ಮಗಳನ್ನು ಕೂರಿಸಿಕೊಂಡು ಅರವತ್ತು ತಿರುವು ಹತ್ತಿ ಬಂದಿದ್ದರು. ಅದನ್ನು ನುಂಗುವ ಮೊದಲೇ ಇನ್ನೊಂದು ನೆನಪಾಯಿತು, ಬಸ್ಸು. ಪ್ರತಿ ದಿನ ಬೆಳಿಗ್ಗೆ ಐದಕ್ಕೆ, ಇನ್ನೂ ಕತ್ತಲಿರುವಾಗ, ಇಪ್ಪತ್ತಾರು ಜನ. ನನ್ನ ಪಿತ್ತ ನೆತ್ತಿಗೇರಿತು. ಅಷ್ಟು ಜನರೆದುರು ಅಲ್ಲಿಯೇ ಎದ್ದು ನಿಂತು ಬೈದೆ. ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ, ಅದರಲ್ಲಿ ಕೆಲವಕ್ಕೆ ನನಗೆ ಈಗ ನಾಚಿಕೆಯಾಗುತ್ತದೆ. ಪಕ್ಕದಲ್ಲಿ ಪಟ ತೆಗೆಸಿಕೊಳ್ಳುತ್ತಿದ್ದ ಅರಬ್ಬರ ಕುಟುಂಬವೊಂದು ತಿರುಗಿ ನೋಡಿತು. ಶಾರನ್ ಫೋನನ್ನು ಬ್ಯಾಗಿಗೆ ಹಾಕಿ ನೆಲ ನೋಡುತ್ತ ನಿಂತಳು.

ಉಮ್ಮರಬ್ಬಾಕ ಎಲ್ಲ ಕೇಳಿಸಿಕೊಂಡರು. ಎದ್ದು ಕೈ ತೊಳೆದು ಬಂದು ಮೆಲ್ಲನೆ ಹೇಳಿದರು.

“ಬಸ್ಸಿನಲ್ಲಿ ಒಬ್ಬನಿಗೂ ಗೊತ್ತಾಗ್ಲಿಲ್ಲ ಮೇಡಂ. ಅಷ್ಟು ಜಾಗ್ರತೆಯಲ್ಲಿ ಓಡಿಸಿದ್ದೇನೆ. ಮುಂದಿನ ಗಾಡಿಯ ಕೆಂಪು ಲೈಟು ಕಾಣ್ತದೆ ನನಗೆ, ಅದು ಸಾಕು. ಉಳಿದದ್ದು ದಾರಿ ನನ್ನ ಕೈಗೆ ಗೊತ್ತುಂಟು. ಮಾರ್ಚ್ ಒಂದರ ತನಕ ಬಿಡಿ. ಆರು ವಾರ. ಆಮೇಲೆ ನಾನಾಗಿ ಹೋಗ್ತೇನೆ.”

ಲೈಸೆನ್ಸ್ ಫೆಬ್ರವರಿ ಇಪ್ಪತ್ತಕ್ಕೇ ಮುಗಿಯುತ್ತದಲ್ಲ, ಹತ್ತು ದಿನ ಏನು ಮಾಡುತ್ತೀರಿ ಎಂದು ಕೇಳಿದೆ. ದಂಡ ಕಟ್ಟಿದರಾಯಿತು, ಕಾಗದ ಸ್ವಲ್ಪ ತಡವಾಯಿತೆಂದು ನೀವೇ ಒಂದು ಮಾತು ಹೇಳಿದರೆ ನಡೆಯುತ್ತದೆ ಎಂದರು. ಇದಕ್ಕೇ ನನ್ನ ಅತ್ತೆಯನ್ನು ಬೆಟ್ಟ ಹತ್ತಿಸಿದ್ದಾ ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅದು ನಿಜವಲ್ಲ, ಅವರು ಎಲ್ಲರನ್ನೂ ಹತ್ತಿಸುತ್ತಾರೆ.

ಪೊರೆ ದೊಡ್ಡ ವಿಷಯವೇ ಅಲ್ಲ, ನನ್ನದು ಅರ್ಧ ಗಂಟೆಯಲ್ಲಿ ಮುಗಿಯಿತು, ಸಂಜೆ ಮನೆಗೆ ಬಂದು ಗಂಜಿ ಉಂಡೆ ಎಂದು ಮಾಂಯ್ ಧೈರ್ಯ ಹೇಳಿದರು. ಉಮ್ಮರಬ್ಬಾಕ ತಲೆ ಅಲ್ಲಾಡಿಸಿದರು. ತನಗೆ ಸಕ್ಕರೆ ಕಾಯಿಲೆ ಇದೆ, ತಂದೆಗೂ ಇತ್ತು. ತಂದೆಗೆ ಆಪರೇಶನ್ ಮಾಡಿಸಿಯೂ ಕಣ್ಣು ಬರಲಿಲ್ಲ, ಹನ್ನೆರಡು ವರ್ಷ ಜಗಲಿಯಲ್ಲಿ ಕುಳಿತಿದ್ದರು. ಮಸೀದಿಗೆ ಹೋಗಬೇಕಾದರೂ ಯಾರಾದರೂ ಕೈ ಹಿಡಿಯಲಿ ಎಂದು ಕಾಯಬೇಕಿತ್ತು. ಬೀದಿಯಲ್ಲಿ ಹೋಗುವವರು ಇವರು ಯಾರು ಎಂದು ಕೇಳಿದರೆ, ಕಣ್ಣು ಕಾಣದ ಬ್ಯಾರಿ ಎನ್ನುತ್ತಿದ್ದರಂತೆ, ಹೆಸರನ್ನೇ ಮರೆತಿದ್ದರು. ಅಪಘಾತವಿಲ್ಲದ ಡ್ರೈವರ್ ಎಂದು ನಾಲ್ಕು ಜನರೆದುರು ಒಮ್ಮೆ ಕರೆಸಿಕೊಂಡು ಊರಿಗೆ ಹೋದರೆ, ಜಗಲಿಯಲ್ಲಿ ಕುಳಿತರೂ ಅದು ಇರುತ್ತದೆ ಎಂದರು. ಇದನ್ನೆಲ್ಲ ಹೇಳುವಾಗ ಅವರ ಧ್ವನಿ ಏರಲಿಲ್ಲ, ನಡುಗಲೂ ಇಲ್ಲ. ಆದರೆ ಕರುಣೆಗೆ ಇಪ್ಪತ್ತಾರು ಜನರ ಜೀವ ಅಡವಿಡಲಿಕ್ಕಾಗುತ್ತದೆಯೇ?

“ನಾಳೆ ಬಸ್ಸು ಮುಟ್ಟಬೇಡಿ ಉಮ್ಮರಬ್ಬಾಕ. ನೀವಾಗಿ ಹೇಳ್ತೀರಾ, ನಾನು ಹೇಳಬೇಕಾ?”

ನಾನು ಕೈ ಚಾಚಿ ಕಾರಿನ ಕೀ ಕೇಳಿದೆ. ನನ್ನದೇ ಕಾರು, ಆದರೂ ಆ ಕೀ ಕೇಳುವಾಗ ಅವರ ಏನನ್ನೋ ಕಿತ್ತುಕೊಳ್ಳುತ್ತಿದ್ದೇನೆ ಎನಿಸಿತು. ಬೆಟ್ಟ ಇಳಿಸಿದ್ದುಂಟಾ ಎಂದು ಕೇಳಿದರು. ಇಲ್ಲ ಎಂದೆ. ಜೇಬಿನಿಂದ ಕೀಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

ಇಳಿಯುವಾಗ ಅವರು ಪಕ್ಕದ ಸೀಟಿನಲ್ಲಿ ಕುಳಿತು, ಗೇರನ್ನು ಕೆಳಗೆ ಹಾಕಿ ಮೇಡಂ, ಬ್ರೇಕ್ ಹಿಡಿದೇ ಇಟ್ಟರೆ ಬಿಸಿಯಾಗ್ತದೆ, ಬಿಡಿ, ಹಿಡೀರಿ ಎಂದು ಹೇಳಿಕೊಟ್ಟರು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರೆ, ಅವ ಕಾಯ್ಲಿ, ನೀವು ನಿಮ್ಮಷ್ಟಕ್ಕೆ ಹೋಗಿ ಎಂದರು. ಹತ್ತು ಹನ್ನೆರಡು ತಿರುವು ಕಳೆದ ಮೇಲೆ ಅವರ ಮಾತು ನಿಂತಿತು. ಓರೆಗಣ್ಣಿನಲ್ಲಿ ನೋಡಿದೆ, ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನನಗೂ ಅಳು ಬಂತು, ಆದರೆ ಅಳುತ್ತ ಓಡಿಸುವಷ್ಟು ಬರುವುದಿಲ್ಲ ನನಗೆ, ತಡೆದುಕೊಂಡೆ.

ಬುಡದಲ್ಲಿ ಮುಬಝ್ಝರದ ಹತ್ತಿರ ಕಾರು ನಿಲ್ಲಿಸಿದೆ. ಆ ಹೊತ್ತಿಗೆ ಮಂಜು ಕರಗಿ ಹುಲ್ಲುಹಾಸು ಕಾಣುತ್ತಿತ್ತು. ಉಮ್ಮರಬ್ಬಾಕ ಇಳಿದು, ಬಿಸಿನೀರಿನ ಕಾಲುವೆಯಲ್ಲಿ ಮುಖ ತೊಳೆದು ಬಂದು, ಹಿಂದಿನ ಬಾಗಿಲು ತೆಗೆದು ಶಾರನ್ ಪಕ್ಕದಲ್ಲಿ ಕುಳಿತರು. ಮುಂದೆಯೇ ಕೂತುಕೊಳ್ಳಿ ಎಂದು ಮಾಂಯ್ ಹೇಳಿದರೂ ಹೋಗಲಿಲ್ಲ. ಅಬುಧಾಬಿಯವರೆಗೆ ನಾನೇ ಓಡಿಸಿದೆ.

ಮರುದಿನ ಅವರು ಹೇಳದಿದ್ದರೆ ನಾನೇ ಹೇಳಬೇಕೆಂದು ನಿಶ್ಚಯಿಸಿ, ಇರುಳೆಲ್ಲ ಮನಸ್ಸಿನಲ್ಲೇ ಜಗಳ ಮಾಡಿ, ಬಸ್ಸು ಹೊರಡುವ ಮೊದಲೇ ಕ್ಯಾಂಪಿಗೆ ಹೋದೆ. ಜಗಳದ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೇ ಅವರು ಸಾರಿಗೆ ಮೇಲ್ವಿಚಾರಕರ ಕೋಣೆಯ ಬಾಗಿಲು ತಟ್ಟಿ, ಬಸ್ಸಿನ ಕೀ ಮೇಜಿನ ಮೇಲಿಟ್ಟು, ಕಣ್ಣು ಕಾಣುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಅವತ್ತು ಕಾರ್ಮಿಕರು ಒಂದು ಗಂಟೆ ತಡವಾಗಿ ಬೇರೆ ಬಸ್ಸಿನಲ್ಲಿ ಹೋದರು. ‘ಸ್ವತಃ ತಿಳಿಸಿದ್ದಾರೆ’ ಎಂದು ನಾನು ಅವರ ಫೈಲಿನಲ್ಲಿ ಬರೆದೆ, ಅದು ನಿಜವೇ ಆಗಿತ್ತು.

ಹತ್ತು ದಿನದಲ್ಲಿ ಅವರು ಊರಿಗೆ ಹೋದರು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಎಡಗಣ್ಣು ಚೆನ್ನಾಗಿ ಬಂತು, ಮೊಮ್ಮಗನ ಮುಖ ಕಂಡಿತು. ಬಲಗಣ್ಣಿನ ಹಿಂದೆ ಸಕ್ಕರೆ ಕಾಯಿಲೆ ಮೊದಲೇ ತನ್ನ ಕೆಲಸ ಮುಗಿಸಿತ್ತು. ಒಂದು ಕಣ್ಣಿನವರಿಗೆ ಬಸ್ಸು ಕೊಡುವುದಿಲ್ಲ, ಅವರ ವೀಸಾ ರದ್ದು ಮಾಡಿದ ಕಾಗದ ತಯಾರಿಸಿದವಳೂ ನಾನೇ. ಮಾರ್ಚ್ ಒಂದು ಬಂದು ಹೋಯಿತು, ವೇದಿಕೆ ಹಾಕಲಿಲ್ಲ. ನಾನು ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಬಸ್ಸಿಗೆ ಹೊಸ ಡ್ರೈವರ್ ಬಂದ, ಪೇಶಾವರದ ಕಡೆಯವನು, ಮೂವತ್ತೈದರ ಗಟ್ಟಿಮುಟ್ಟಾದ ಆಳು. ಒಂದು ತಿಂಗಳಾಗುವಷ್ಟರಲ್ಲಿ ನನ್ನ ಮೇಜಿನೆದುರು ಬಂದು ನಿಂತು ದೂರು ಹೇಳಿದ. ಮುಂದಿನ ಸೀಟಿನಲ್ಲಿ ಕೂರುವವನಿಗೆ ತಲೆ ಸರಿಯಿಲ್ಲ, ಅವನನ್ನು ಹಿಂದೆ ಕೂರಿಸಿ ಎಂದ. ಸಿಗ್ನಲ್ ಬಂದಾಗಲೆಲ್ಲ ಕೆಂಪು, ಕೆಂಪು ಎನ್ನುತ್ತಾನಂತೆ. ಹಂಪ್ ಬಂದರೆ ಹಂಪ್ ಎನ್ನುತ್ತಾನೆ, ಯಾರಾದರೂ ರಸ್ತೆ ದಾಟುತ್ತಿದ್ದರೆ ಎಡದಿಂದ ಮನುಷ್ಯ ಎನ್ನುತ್ತಾನೆ. ನನಗೇನು ಕಣ್ಣಿಲ್ಲವಾ ಮೇಡಂ ಎಂದು ಕೇಳಿದ.

ನಾನು ಆ ಮನುಷ್ಯನನ್ನು ಕರೆಸಿದೆ. ಹೆಸರು ಸುಖಾರಿ ರಾಮ್, ಬಿಹಾರದವನು, ಕ್ರೇನಿಗೆ ಸರಪಳಿ ಕಟ್ಟುವ ಕೆಲಸ, ವಯಸ್ಸು ಐವತ್ತರ ಹತ್ತಿರ. ಹೆಲ್ಮೆಟ್ ಕೈಯಲ್ಲಿ ಹಿಡಿದು ಬಂದು ನಿಂತ. ಮೊದಲು ಅಭ್ಯಾಸ ಮೇಡಂ, ಬಾಯಿಗೆ ಬಂದುಬಿಡುತ್ತದೆ ಎಂದ. ನಾನು ಬಿಡಲಿಲ್ಲ. ಕೊನೆಗೆ ಹೇಳಿದ. ಹನ್ನೊಂದು ತಿಂಗಳು. ಒಮ್ಮೆ ಉಸ್ತಾದರು, ಉಮ್ಮರಬ್ಬಾಕನನ್ನು ಅವರೆಲ್ಲ ಕರೆಯುತ್ತಿದ್ದದ್ದು ಹಾಗೆ, ಕ್ಯಾಂಪಿನ ಗೇಟಿನ ಬಳಿ ಅಡ್ಡಗಟ್ಟೆ ನೋಡದೆ ಬಸ್ಸು ಗುದ್ದಿಸುವುದರಲ್ಲಿದ್ದರು, ಅವತ್ತೇ ಇಪ್ಪತ್ತಾರು ಜನರಿಗೂ ಗೊತ್ತಾಯಿತು. ಕ್ಯಾಂಪಿನಲ್ಲಿ ಕುಳಿತು ಮಾತಾಡಿಕೊಂಡರು. ಯಾರಿಗಾದರೂ ಹೇಳಿದರೆ ಉಸ್ತಾದರನ್ನು ಮನೆಗೆ ಕಳಿಸುತ್ತಾರೆ. ಶೌಚಾಲಯದ ಸಾಲಿನಲ್ಲಿ ನಿಂತು ತಡವಾದವನಿಗಾಗಿ ಐದು ನಿಮಿಷ ಬಸ್ಸು ನಿಲ್ಲಿಸುವ ಡ್ರೈವರ್ ಮತ್ತೆ ಸಿಗುವುದಿಲ್ಲ. ಹಾಗಾಗಿ ಒಬ್ಬ ಮುಂದೆ ಕುಳಿತು ಮಾತಿನ ನಡುವೆ ದಾರಿ ಹೇಳುವುದೆಂದು ತೀರ್ಮಾನವಾಯಿತು, ಅವರಿಗೆ ಗೊತ್ತಾಗದ ಹಾಗೆ. ಆ ಕೆಲಸ ಸುಖಾರಿಯ ಪಾಲಿಗೆ ಬಂತು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಇಪ್ಪತ್ತಾರು ಜನ ನೋಡಿಯೂ ನೋಡದ ಹಾಗೆ ಕುಳಿತಿದ್ದರು. ನನಗೆ ಮತ್ತೆ ಸಿಟ್ಟು ಬಂತು. ಎಲ್ಲರೂ ಒಟ್ಟಿಗೆ ಸಾಯುತ್ತಿದ್ದಿರಲ್ಲ, ಒಬ್ಬನಿಗೂ ಬುದ್ಧಿ ಬೇಡವಾ ಎಂದು ಹಿಂದಿಯಲ್ಲಿ ಕೂಗಾಡಿದೆ. ಸುಖಾರಿ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಅದಕ್ಕೇ ಅಲ್ಲವಾ ಮೇಡಂ ನಾನು ನಿದ್ದೆ ಮಾಡದೆ ಕೂರುತ್ತಿದ್ದದ್ದು ಎಂದ. ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದೂಕಾಲು ಗಂಟೆ, ಸೈಟಿನ ಆಳುಗಳಿಗೆ ಬಸ್ಸಿನ ಆ ನಿದ್ದೆಯೇ ದೊಡ್ಡ ಆಸ್ತಿ. ಅದನ್ನು ಇವನು ಹನ್ನೊಂದು ತಿಂಗಳು ಬಿಟ್ಟಿದ್ದ.

ಸಂಜೆ ಫರಂಗಿಪೇಟೆಗೆ ಫೋನ್ ಮಾಡಿದೆ. ಹೇಳಬಾರದೆಂದು ಯೋಚಿಸಿದ್ದೆ, ಆದರೆ ಮುಚ್ಚಿಟ್ಟದ್ದರಿಂದಲೇ ಇಷ್ಟೆಲ್ಲ ಆದದ್ದಲ್ಲವೇ? ಒಂದೂ ಬಿಡದೆ ಹೇಳಿದೆ. ಆಮೇಲೆ ಉಮ್ಮರಬ್ಬಾಕ ಮಾತಾಡಿದರು.

“ನಾನು ಅವರನ್ನು ಕರಕೊಂಡು ಹೋಗುವುದು ಅಂತ ಗ್ರಹಿಸಿದ್ದೆ ಮೇಡಂ. ಅವರು ನನ್ನನ್ನು ಕರಕೊಂಡು ಹೋಗಿದ್ದಾರೆ.” ಮತ್ತೆ ಹೇಳಿದರು. “ಸುಖಾರಿಗೆ ಹೇಳಿ, ಹೊಸ ಡ್ರೈವರಿಗೆ ಕಣ್ಣು ಕಾಣ್ತದೆ. ಇನ್ನು ಅವ ಮಲಗ್ಲಿ ಅಂತ.”

ಮರುದಿನ ಬೆಳಿಗ್ಗೆ ಕ್ಯಾಂಪಿಗೇ ಹೋಗಿ ಹೇಳಿದೆ. ಸುಖಾರಿ ತಲೆಯಾಡಿಸಿ ಹಿಂದಿನ ಸೀಟಿಗೆ ಹೋಗಿ ಕಿಟಕಿಗೆ ಒರಗಿದ. ಬಸ್ಸು ಗೇಟು ದಾಟುವ ಮೊದಲೇ ಅವನಿಗೆ ನಿದ್ದೆ ಹತ್ತಿತ್ತು.